ವಿದ್ಯೆಯ ಮೂರನೆಯ ಪಾದ

ವಿದ್ಯೆಯು ಮನುಷ್ಯನಿಗೆ ಎಲ್ಲಿಂದ ಬರುತ್ತದೆಂಬ ಪ್ರಶ್ನೆಗೆ ನಮ್ಮ ಹಿರಿಯರು ಲೆಕ್ಕ ಹಾಕಿದಂತಹ ಉತ್ತರವೊಂದನ್ನು ಕೊಟ್ಟಿರುವರು. ಸಂಸ್ಕೃತ ಪಾಠಶಾಲೆಯ ಮೆಟ್ಟಿಲು ಹತ್ತಿದವರೆಲ್ಲರೂ ಮೊದಲನೆಯ ವರ್ಷದಲ್ಲಿಯೇ ಕಂಠಪಾಠ ಮಾಡತಕ್ಕ ಆ ಸುಭಾಷಿತದ ತಾತ್ಪರ್ಯವಿಷ್ಟು: ಶಿಷ್ಯನು ಪಡೆಯುವ ವಿದ್ಯೆಯಲ್ಲಿ ಒಂದು ಪಾದ ಆಚಾರ್ಯನಿಂದ ಬರುವುದು, ಒಂದು ಪಾದ ಅವನ ಸ್ವಂತ ಬುದ್ಧಿಯಿಂದ, ಮೂರನೆಯ ಪಾದ ಒಡನೆ ಓದುವವರಿಂದ, ಕೊನೆಯ ಪಾದವನ್ನು ಕಾಲವೇ ಕ್ರಮವಾಗಿ ಕಲಿಸುವುದು. ನಾನು ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಇದನ್ನು ಹೇಳಿಕೊಟ್ಟೆನು. ಆಚಾರ್ಯನ ಪಾದವನ್ನು ಕುರಿತು ಬೇಕಾದಷ್ಟು ಉಪನ್ಯಾಸ ಮಾಡಿದೆನು. ಸ್ವಂತ ಬುದ್ಧಿಯನ್ನು ಕುರಿತು ದಡ್ಡ ಹುಡುಗರಿಗೆ ಬೇಕಾದಷ್ಟು ಬೈದೆನು. ಮೂರನೆಯ ಪಾದವನ್ನು ಕುರಿತು ಮಾತ್ರ ಒಂದು ದಿನವೂ ನಿಂತು ಯೋಚಿಸಿದವನಲ್ಲ. ಉಸಿರಾಡುವ ಗಾಳಿಯನ್ನು ಯಾರು ತಾನೆ ಎಣಿಸುತ್ತಾರೆ? ಮಕ್ಕಳನ್ನು ಒಂದೆಡೆ ಕೂಡಿಸಿದರೆ ಆ ಪಾದ ತಾನಾಗಿಯೇ ಬಂದುಬಿಡುವುದೆಂಬುದು ನನ್ನ ನಂಬಿಕೆಯಾಗಿತ್ತು. ಆ ನಂಬಿಕೆ ಕಳೆದ ಮಾಘಮಾಸದಲ್ಲಿ ಅಲುಗಿತು. ಅದನ್ನು ವಾಚಕರ ಮುಂದಿಟ್ಟು, ಅದರಿಂದ ಏಳುವ ಧರ್ಮಪ್ರಶ್ನೆಯನ್ನು ಯಥಾಮತಿಯಾಗಿ ವಿಚಾರಮಾಡುವುದು ಈ ಲೇಖನದ ಉದ್ದೇಶ.

ನಮ್ಮ ಜಿಲ್ಲೆಯ ಒಂದು ಕಾಲೇಜಿನ ವಿದ್ಯಾರ್ಥಿನಿಲಯದವರು ತಮ್ಮ ವಾರ್ಷಿಕೋತ್ಸವದಲ್ಲಿ ನಾಲ್ಕು ಮಾತು ಹೇಳಬೇಕೆಂದು ನನ್ನನ್ನು ಕರೆಸಿಕೊಂಡಿದ್ದರು. ಅಲ್ಲಿಯ ಮೇಲ್ವಿಚಾರಕರು ಹಿಂದೆ ನನ್ನಲ್ಲಿ ಓದಿದವರು. ಉತ್ಸವದ ಹಿಂದಿನ ಸಂಜೆಯೇ ಹೋಗಿ ಅವರ ಬಿಡಾರದಲ್ಲಿ ಇಳಿದುಕೊಂಡೆನು. ರಾತ್ರಿ ಒಂಬತ್ತು ಗಂಟೆಯ ಸುಮಾರಿಗೆ, ನಾವು ಊಟ ಮುಗಿಸಿ ಎಲೆಯಡಕೆ ಹಾಕುತ್ತ ಕುಳಿತಿದ್ದಾಗ, ಅವರ ಫೋನು ಕೂಗಿತು. ಕುಷ್ಟಗಿಯ ಕಡೆಯ ಒಬ್ಬ ತಾಯಿ ಮಾತನಾಡುತ್ತಿದ್ದಳು. “ಸರ, ನಮ್ಮ ಹುಡುಗಗ ಮೂರು ದಿವಸದಿಂದ ಜ್ವರ ಬಂದಾವ್ರಿ. ಏನೂ ಉಂಡಿಲ್ಲಂತ. ಸ್ವಲ್ಪ ಹೋಗಿ ನೋಡ್ರಿ ಸರ,” ಎಂಬ ಅವಳ ದನಿ ನನಗೂ ಕೇಳಿಸಿತು. ನಾವಿಬ್ಬರೂ ಎದ್ದು ಹೋದೆವು. ಕೊಠಡಿಯಲ್ಲಿ ಮೂರು ಮಂಚಗಳು. ದೀಪ ಆರಿಸಿತ್ತು. ಇಬ್ಬರು ಹುಡುಗರು ತಮ್ಮ ತಮ್ಮ ಮಂಚದ ಮೇಲೆ ಒರಗಿ, ಕಿವಿಗೆ ಬಿರಡೆ ಇಟ್ಟುಕೊಂಡು, ಅಂಗೈಯ ಬೆಳಕನ್ನು ನೋಡುತ್ತಿದ್ದರು. ಮೂರನೆಯವನು ಗೋಡೆಯ ಕಡೆಗೆ ಮುಖ ಮಾಡಿ ಕಂಬಳಿಯೊಳಗೆ ನಡುಗುತ್ತಿದ್ದನು. ಮುಟ್ಟಿದರೆ ಮೈ ಕೆಂಡವಾಗಿತ್ತು. “ಇವನಿಗೆ ಹೀಗಾಗಿರುವುದು ನಿಮಗೆ ತಿಳಿಯದೆ?” ಎಂದು ಮೇಲ್ವಿಚಾರಕರು ಗದರಿದರು. ಒಬ್ಬನು ಬೆಚ್ಚಿ ಎದ್ದು ಕುಳಿತು, “ಮಲಗಿದಾನೆ ಅಂದ್ಕೊಂಡಿದ್ವಿ ಸರ್,” ಎಂದನು. ಅವನು ಸುಳ್ಳು ಹೇಳುತ್ತಿರಲಿಲ್ಲ. ನೂರಾರು ಮೈಲಿ ದೂರದ ತಾಯಿಗೆ ತಿಳಿದಿದ್ದ ಸಂಗತಿ ಮೂರು ಮೊಳ ದೂರದ ಮಂಚದವನಿಗೆ ತಿಳಿದಿರಲಿಲ್ಲ.

ಮುಂದಿನದನ್ನೂ ಹೇಳದಿದ್ದರೆ ಆ ಹುಡುಗರಿಗೆ ಅನ್ಯಾಯವಾಗುವುದು. ಒಬ್ಬನು ಆ ಕ್ಷಣವೇ ಓಡಿಹೋಗಿ ಆಟೋ ಹಿಡಿದುಕೊಂಡು ಬಂದನು. ಇನ್ನೊಬ್ಬನು ಆಸ್ಪತ್ರೆಯಲ್ಲಿ ಬೆಳಗಾಗುವವರೆಗೂ ರೋಗಿಯ ಬಳಿಯಲ್ಲಿ ನಿದ್ದೆಗೆಟ್ಟು ಕುಳಿತಿದ್ದನು. ಅವರಲ್ಲಿ ದಯೆಗೆ ಕೊರತೆಯಿರಲಿಲ್ಲ. ದಯೆ ಹುಟ್ಟಬೇಕಾದರೆ ಮೊದಲು ಕಣ್ಣು ಬೀಳಬೇಕು; ಅವರಿಗೆ ಕಣ್ಣು ಬಿದ್ದಿರಲಿಲ್ಲ, ಅಷ್ಟೆ.

ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಐವತ್ತು ವರ್ಷಗಳ ಹಿಂದೆ ಪಾಠಶಾಲೆಯಲ್ಲಿ ನನಗೂ ಒಮ್ಮೆ ವಿಷಮಜ್ವರ ಬಂದಿತ್ತು. ಆಗ ಜೊತೆಯ ಹುಡುಗರೇ ಸರದಿಯ ಮೇಲೆ ಗಂಜಿ ಕುಡಿಸಿದರು, ಹಣೆಗೆ ಒದ್ದೆ ಬಟ್ಟೆ ಹಾಕಿದರು, ಹೊದಿಕೆ ಒಗೆದರು. ನಮ್ಮ ತಾಯಿಗೆ ಕಾಗದ ಮುಟ್ಟಿದ್ದು ನಾನು ಎದ್ದು ಓಡಾಡುವಂತಾದ ಮೇಲೆ. ಅವಳು ಆ ಕಾಗದವನ್ನು ಎದೆಗೊತ್ತಿಕೊಂಡು ಅತ್ತಳೆಂದು ಆಮೇಲೆ ಕೇಳಿದೆನು. ಈಗ ವಾಚಕರೇ ಹೇಳಲಿ: ತಾಯಿಗೆ ತಿಳಿಯದೆ ಗೆಳೆಯರು ಕಾಯ್ದುದು ಮೇಲೋ, ಗೆಳೆಯರಿಗೆ ತಿಳಿಯದೆ ತಾಯಿ ಕಾಯ್ದುದು ಮೇಲೋ? ಯಂತ್ರವಿಲ್ಲದಿದ್ದರೆ ಕುಷ್ಟಗಿಯ ಹುಡುಗನ ಗತಿ ಏನಾಗುತ್ತಿತ್ತೋ ನಾನರಿಯೆ. ಆದಕಾರಣ ಫೋನನ್ನು ಶಪಿಸಿ ಕೈತೊಳೆದುಕೊಳ್ಳುವ ಸುಲಭಮಾರ್ಗ ನಮಗಿಲ್ಲ. ಮಗನನ್ನು ತಾಯಿಗೆ ಹತ್ತಿರ ಮಾಡಿದ ವಸ್ತುವೇ ಅವನನ್ನು ಪಕ್ಕದ ಮಂಚಕ್ಕೆ ದೂರ ಮಾಡಿದ್ದು ಹೇಗೆ ಎಂಬುದನ್ನು ತಿಳಿಯಬೇಕು.

ಒಡನೆ ಓದುವವನಿಗೆ ಸಂಸ್ಕೃತದಲ್ಲಿ ಸತೀರ್ಥ್ಯನೆಂಬ ಹೆಸರುಂಟು. ತೀರ್ಥವೆಂದರೆ ಇಲ್ಲಿ ಗುರು. ಒಂದೇ ಗುರುವಿನಲ್ಲಿ ಓದುವವನೆಂದು ಸಾಮಾನ್ಯವಾಗಿ ಅರ್ಥ ಹೇಳುತ್ತೇವೆ. ಆದರೆ ಪಾಣಿನಿಯು ಈ ಶಬ್ದವನ್ನು ಸಾಧಿಸುವಾಗ ಓದುವನೆಂದು ಹೇಳದೆ, ಅಲ್ಲಿ ವಾಸಿಸುವನೆಂದು ಹೇಳಿರುವನು. ವೈಯಾಕರಣನು ಒಂದಕ್ಷರವನ್ನೂ ವ್ಯರ್ಥಮಾಡುವವನಲ್ಲ. ಪಾಠ ಒಂದಾದರೆ ಸಾಲದು, ವಾಸ ಒಂದಾಗಬೇಕು. ಭಾಗವತದ ಕುಚೇಲೋಪಾಖ್ಯಾನವನ್ನು ನೆನೆಯಿರಿ. ಬಹುಕಾಲದ ಮೇಲೆ ಮನೆಗೆ ಬಂದ ಬಡ ಬ್ರಾಹ್ಮಣನನ್ನು ಮಂಚದ ಮೇಲೆ ಕುಳ್ಳಿರಿಸಿಕೊಂಡು ಶ್ರೀಕೃಷ್ಣನು ನೆನಪಿಸಿದ್ದು ಸಾಂದೀಪನಿಯ ಯಾವ ಪಾಠವನ್ನೂ ಅಲ್ಲ. ಗುರುಪತ್ನಿಯ ಮಾತಿನಂತೆ ಕಟ್ಟಿಗೆ ತರಲು ಕಾಡಿಗೆ ಹೋಗಿ, ಅಕಾಲದ ಮಳೆಗೆ ಸಿಕ್ಕಿ, ದಿಕ್ಕು ತಪ್ಪಿ, ಇಬ್ಬರೂ ಒಬ್ಬರ ಕೈಯನ್ನೊಬ್ಬರು ಹಿಡಿದು ಕಳೆದ ಒಂದು ರಾತ್ರಿಯನ್ನು. ಅರವತ್ತನಾಲ್ಕು ವಿದ್ಯೆಗಳನ್ನು ಕಲಿತವನ ಮನಸ್ಸಿನಲ್ಲಿ ಉಳಿದುದು ಆ ಮಳೆ. ಮೂರನೆಯ ಪಾದವೆಂದರೆ ಇದೇ.

ಇಲ್ಲಿ ಪೂರ್ವಪಕ್ಷದವರು ಒಂದು ಮಾತು ಹೇಳಬಹುದು: “ಮುದುಕರಿಗೆ ಹೊಸದನ್ನು ಕಂಡರೆ ಭಯ, ಇದು ಎಂದಿನದೇ.” ಈ ಮಾತನ್ನು ತಳ್ಳಿಹಾಕುವಂತಿಲ್ಲ. ಪಾಣಿನೀಯ ಶಿಕ್ಷೆಯಲ್ಲಿ ಬರೆದುದನ್ನು ನೋಡಿಕೊಂಡು ಓದುವವನನ್ನು ಅಧಮ ಪಾಠಕರ ಪಂಕ್ತಿಯಲ್ಲಿ ಕೂಡಿಸಿರುವರು. ಗ್ರೀಕರ ತತ್ತ್ವಜ್ಞನಾದ ಪ್ಲೇಟೋ ಕೂಡ ತನ್ನ ಒಂದು ಸಂವಾದದಲ್ಲಿ, ಬರವಣಿಗೆಯಿಂದ ಜನರ ಸ್ಮರಣಶಕ್ತಿ ಕುಂದುವುದೆಂದು ಒಬ್ಬ ಅರಸನ ಬಾಯಲ್ಲಿ ಹೇಳಿಸಿರುವನು. ಬರವಣಿಗೆ ಬಂದಿತು, ಅಚ್ಚು ಬಂದಿತು, ಲೋಕ ಮುಳುಗಲಿಲ್ಲ. ಅಷ್ಟೇ ಅಲ್ಲ, ಯಂತ್ರಗಳು ಕಾಲೇಜಿನವರನ್ನು ಕೂಡಿಸಿದ ನಿದರ್ಶನಗಳು ನಮ್ಮ ನಾಡಿನಲ್ಲಿಯೇ ಇವೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದವರು ಎ. ಆರ್. ಕೃಷ್ಣಶಾಸ್ತ್ರಿಗಳ ಮುಂದಾಳ್ತನದಲ್ಲಿ ೧೯೧೯ರಲ್ಲಿ ‘ಪ್ರಬುದ್ಧ ಕರ್ನಾಟಕ’ವನ್ನು ಹೊರಡಿಸಿದರು. ಅಚ್ಚಿನ ಮೊಳೆಯಿಲ್ಲದೆ ಆ ಕೆಲಸ ಆಗುತ್ತಿರಲಿಲ್ಲ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಗಳು ೧೯೩೫ರಲ್ಲಿ ತಮ್ಮ ಮನೆಯಲ್ಲಿಯೇ ರೇಡಿಯೋ ಪ್ರಸಾರವನ್ನು ಆರಂಭಿಸಿದರು. ಅದೇ ಮೈಸೂರಿನ ಆಕಾಶವಾಣಿಯ ಮೂಲ. ವಿದ್ಯಾರ್ಥಿನಿಲಯದಲ್ಲಿ ಇದ್ದ ಒಂದೇ ರೇಡಿಯೋವಿನ ಸುತ್ತ ಐವತ್ತು ಜನ ಸೇರಿ ಕ್ರಿಕೆಟ್ಟಿನ ವರದಿ ಕೇಳಿದ್ದು ನನ್ನ ವಯಸ್ಸಿನವರಿಗೆಲ್ಲ ನೆನಪಿರಬೇಕು.

ಭೇದ ಇಲ್ಲಿಯೇ ಇದೆ. ರೇಡಿಯೋ ಒಂದು, ಕಿವಿ ಐವತ್ತು. ಕೇಂದ್ರ ಒಂದಿದ್ದರೆ ಅದರ ಸುತ್ತ ಜನ ಸೇರಲೇಬೇಕು, ಜಾಗಕ್ಕಾಗಿ ಜಗಳವಾಡಲೇಬೇಕು, ಆ ಜಗಳದಲ್ಲಿಯೇ ಪರಿಚಯವಾಗುವುದು. ಈಗ ಅಂಗೈಗೊಂದು ಯಂತ್ರ, ಯಂತ್ರಕ್ಕೊಂದು ಲೋಕ. ೧೯೯೫ರ ಜುಲೈ ೩೧ರಂದು ಕಲ್ಕತ್ತೆಯಿಂದ ದಿಲ್ಲಿಗೆ ಭಾರತದ ಮೊದಲ ಮೊಬೈಲು ಸಂಭಾಷಣೆ ನಡೆದಾಗ ಅದು ಮಂತ್ರಿಗಳ ವೈಭವವಾಗಿತ್ತು. ೨೦೧೬ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಅಂತರಜಾಲದ ಬೆಲೆ ಬಿದ್ದುಹೋಗಿ, ಕೂಲಿಕಾರನ ಮಗನ ಜೇಬಿಗೂ ಅದು ಇಳಿಯಿತು. ಬಡವರಿಗೆ ಇದರಿಂದಾದ ಉಪಕಾರವನ್ನು ನಾನು ಅಲ್ಲಗಳೆಯುವವನಲ್ಲ. ಪುಸ್ತಕ ಕೊಳ್ಳಲಾರದವನಿಗೆ ಪುಸ್ತಕಭಂಡಾರವೇ ದೊರಕಿತು. ಅದರ ಜೊತೆಯಲ್ಲಿಯೇ ಕೂಡುವ ಕಾರಣವೂ ಒಂದೊಂದಾಗಿ ಕಳಚಿಹೋಯಿತು.

ಪಾಶ್ಚಾತ್ಯರು ಈ ವಿಷಯವನ್ನು ಅಳೆದು ನೋಡಿರುವರು. ಕಾಲೇಜಿನಲ್ಲಿ ಅಧ್ಯಾಪಕನಾಗಿರುವ ನನ್ನ ಸೋದರಳಿಯನು ಹೇಳಿದ ಸಂಗತಿಗಳಿವು. ಫೇಸ್‌ಬುಕ್ ಎಂಬುದು ೨೦೦೪ರ ಫೆಬ್ರವರಿಯಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳ ಕೈಯಲ್ಲಿ ಹುಟ್ಟಿತು. ಹೊಸಬರು ಒಬ್ಬರನ್ನೊಬ್ಬರು ಗುರುತಿಸಲೆಂದು ಅಲ್ಲಿ ಕೊಡುತ್ತಿದ್ದ ಭಾವಚಿತ್ರಗಳ ಪಟ್ಟಿಗೆ ಆ ಹೆಸರಿತ್ತು. ಮೊದಲು ಕಾಲೇಜಿನವರಿಗೆ ಮಾತ್ರ ಮೀಸಲಾಗಿದ್ದುದು ೨೦೦೬ರ ಸೆಪ್ಟೆಂಬರಿನಲ್ಲಿ ಲೋಕಕ್ಕೆಲ್ಲ ತೆರೆಯಿತು. ಅಂದಮೇಲೆ, ಸತೀರ್ಥ್ಯರನ್ನು ಕೂಡಿಸುವುದೇ ಅದರ ಮೊದಲ ಸಂಕಲ್ಪ. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾನಿಲಯದ ಸಂಶೋಧಕರು ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅದನ್ನು ಬಳಸುವವರಿಗೆ ಪರಿಚಯಗಳ ಬಲ ಹೆಚ್ಚುವುದೆಂದೂ, ತಮ್ಮ ವಿಷಯದಲ್ಲಿ ತಾವೇ ಹಿಂಜರಿಯುವ ಸ್ವಭಾವದವರಿಗೆ ಅದು ವಿಶೇಷವಾಗಿ ಒದಗಬಹುದೆಂದೂ ಕಂಡರು. ಮುಂದೆ ೨೦೨೨ರಲ್ಲಿ ಮೂವರು ಅರ್ಥಶಾಸ್ತ್ರಜ್ಞರು, ಅದು ಒಂದೊಂದು ಕಾಲೇಜಿಗೆ ಒಂದೊಂದು ಕಾಲದಲ್ಲಿ ಬಂದುದನ್ನು ಆಧಾರ ಮಾಡಿಕೊಂಡು, ಬಂದ ಕಾಲೇಜುಗಳನ್ನೂ ಇನ್ನೂ ಬಾರದ ಕಾಲೇಜುಗಳನ್ನೂ ಹೋಲಿಸಿದರು. ಅದು ಬಂದ ಕಡೆ ವಿದ್ಯಾರ್ಥಿಗಳ ಮನಸ್ಸಿನ ಆರೋಗ್ಯ ಕೆಟ್ಟಿತೆಂಬುದೂ, ತಮ್ಮನ್ನು ಇತರರೊಡನೆ ಹೋಲಿಸಿಕೊಂಡು ಕೊರಗುವುದು ಅದಕ್ಕೆ ಕಾರಣವಾಗಿರಬಹುದೆಂಬುದೂ ಅವರ ನಿರ್ಣಯ. ಎರಡು ಅಧ್ಯಯನಗಳೂ ದಿಟವಾಗಿರಬಹುದು. ಪರಿಚಯ ಹೆಚ್ಚಿತು, ನೆಮ್ಮದಿ ಕುಂದಿತು. ನೂರು ಮನೆಗಳ ಪರಿಚಯವಿದ್ದೂ ಊಟಕ್ಕೆ ಕರೆಯುವ ಮನೆ ಒಂದೂ ಇಲ್ಲದವನಂತೆ.

ನಮ್ಮ ನಾಡಿನಲ್ಲಿಯೂ ಒಂದು ದೊಡ್ಡ ಪರೀಕ್ಷೆ ಯಾರೂ ಬಯಸದೆ ನಡೆದುಹೋಯಿತು. ೨೦೨೦ರ ಮಾರ್ಚಿಯಲ್ಲಿ ಮಹಾಮಾರಿಯ ನಿಮಿತ್ತ ಕಾಲೇಜುಗಳು ಮುಚ್ಚಿದವು. ಪಾಠಗಳು ಫೋನಿನ ಮೂಲಕ ನಡೆದವು. ಮಲೆನಾಡಿನ ಮಕ್ಕಳು ಸಂಕೇತ ಸಿಕ್ಕುವ ಗುಡ್ಡದ ತುದಿಯನ್ನು ಹುಡುಕಿಕೊಂಡು ಹೋಗಿ, ಮಳೆಯಲ್ಲಿ ಕೊಡೆ ಹಿಡಿದು ಕುಳಿತು ಪಾಠ ಕೇಳಿದರು. ಆ ಶ್ರದ್ಧೆಗೆ ನಾನು ತಲೆಬಾಗುತ್ತೇನೆ. ಆಚಾರ್ಯನ ಪಾದ ಹೇಗೋ ಗುಡ್ಡ ಹತ್ತಿ ಅವರನ್ನು ಮುಟ್ಟಿತು. ಸ್ವಂತ ಬುದ್ಧಿ ಅವರೊಡನೆಯೇ ಇತ್ತು. ಕಾಲ ತನ್ನಷ್ಟಕ್ಕೆ ನಡೆಯುತ್ತಿತ್ತು. ಮೂರನೆಯ ಪಾದ ಮಾತ್ರ ಬರಲಿಲ್ಲ. ಮುಕ್ಕಾಲು ವಿದ್ಯೆಗೆ ಪೂರ್ಣ ಪದವಿ ದೊರೆಯಿತು.

ಈಗ ಧರ್ಮದ ಪ್ರಶ್ನೆಗೆ ಬರೋಣ. ಮಗನು ಮಂಚದಲ್ಲಿ ಮಲಗಿ ಕುಷ್ಟಗಿಯ ತಾಯಿಯೊಡನೆ ಮಾತನಾಡುವುದು ತಪ್ಪೆ? ಊರಿನ ಗೆಳೆಯರೊಡನೆ ನಗುವುದು ತಪ್ಪೆ? ಪ್ರೀತಿಗೆ ದೂರ ಹತ್ತಿರವೆಂಬುದಿಲ್ಲ, ಅದು ತಪ್ಪಲ್ಲ. ಆದರೆ ಇದರಲ್ಲಿ ಒಂದು ಸೂಕ್ಷ್ಮವಿದೆ. ಫೋನಿನಲ್ಲಿ ನಾವು ಮಾತನಾಡತಕ್ಕದ್ದು ನಾವು ಆರಿಸಿಕೊಂಡವರೊಡನೆ. ನಮ್ಮ ಊರು, ನಮ್ಮ ಮನೆ, ನಮ್ಮ ಜಾತಿ, ನಮ್ಮ ಪಕ್ಷ, ನಮ್ಮ ನಟನ ಅಭಿಮಾನಿಗಳು. ಒಪ್ಪದವನನ್ನು ಬೆರಳಿನಿಂದ ಒತ್ತಿ ಇಲ್ಲವೆನಿಸಬಹುದು. ವಿದ್ಯಾರ್ಥಿನಿಲಯದ ಮಂಚವಾದರೋ ಹಾಗಲ್ಲ. ಅಲ್ಲಿ ಪಕ್ಕದಲ್ಲಿ ಯಾರು ಮಲಗಬೇಕೆಂಬುದನ್ನು ಪಟ್ಟಿ ಬರೆದ ಗುಮಾಸ್ತೆ ಗೊತ್ತುಮಾಡುವನು. ಬೇರೆ ಜಿಲ್ಲೆಯವನು, ಬೇರೆ ಮಾತಿನ ಧಾಟಿಯವನು, ಗೊರಕೆ ಹೊಡೆಯುವವನು, ನಮ್ಮ ಸಾಬೂನನ್ನು ಕೇಳದೆ ತೆಗೆದುಕೊಳ್ಳುವವನು. ಇವನನ್ನು ನಾವು ಆರಿಸಲಿಲ್ಲ, ಅವನು ಬಂದನು.

ಹೀಗೆ ಆರಿಸದೆ ಬಂದವನಿಗೆ ನಮ್ಮಲ್ಲಿ ಒಂದು ಹೆಸರಿದೆ. ಅವನನ್ನು ಅತಿಥಿಯೆನ್ನುತ್ತೇವೆ. ತಿಥಿ ನೋಡಿಕೊಂಡು ಬರುವವನಲ್ಲ ಎಂದು ಅದರ ಅರ್ಥ ಹೇಳುವರು. ದೇವಋಣ, ಋಷಿಋಣ, ಪಿತೃಋಣ ಎಂಬ ಮೂರು ಋಣಗಳನ್ನು ಎಲ್ಲರೂ ಬಲ್ಲರು. ಶತಪಥ ಬ್ರಾಹ್ಮಣದಲ್ಲಿ ನಾಲ್ಕನೆಯದೊಂದನ್ನು ಹೇಳಿದೆ, ಅದು ಮನುಷ್ಯಋಣ. ಇರಲು ಎಡೆಯನ್ನೂ ಉಣ್ಣಲು ಅನ್ನವನ್ನೂ ಕೊಟ್ಟು ಅದನ್ನು ತೀರಿಸಬೇಕೆಂದು ವಿಧಿ. ವಿದ್ಯಾರ್ಥಿನಿಲಯದಲ್ಲಿ ಎಡೆಯನ್ನೂ ಅನ್ನವನ್ನೂ ಸರಕಾರವೋ ಮಠವೋ ಕೊಡುವುದು. ವಿದ್ಯಾರ್ಥಿಯ ಕೈಯಲ್ಲಿ ಕೊಡಲು ಉಳಿದಿರುವುದು ಒಂದೇ ವಸ್ತು, ಅದು ಅವಧಾನ. ಪಕ್ಕದವನು ಉಂಡನೆ, ಮಲಗಿದನೆ, ಊರಿನಿಂದ ಬಂದ ಕಾಗದ ನೋಡಿ ಮುಖ ಬಾಡಿತೆ ಎಂದು ಕಣ್ಣೆತ್ತಿ ನೋಡುವುದು. ಈ ಋಣ ತೀರಿಸಲು ಹಣ ಬೇಕಿಲ್ಲ. ಆದುದರಿಂದಲೇ ಇದನ್ನು ತೀರಿಸದಿರಲು ನೆವವೂ ಇಲ್ಲ.

ಅವಧಾನವೆಂದೊಡನೆ ಅಷ್ಟಾವಧಾನದ ನೆನಪಾಗುತ್ತದೆ. ಎಂಟು ಮಂದಿ ಪೃಚ್ಛಕರಲ್ಲಿ ಅಪ್ರಸ್ತುತ ಪ್ರಸಂಗಿ ಎಂಬವನೊಬ್ಬನಿರುವನು. ಸಂಬಂಧವಿಲ್ಲದ ಮಾತಾಡಿ ಅವಧಾನಿಯ ಏಕಾಗ್ರತೆಯನ್ನು ಕೆಡಿಸುವುದೇ ಅವನ ಕೆಲಸ. ಅವಧಾನಿ ಪಂಡಿತನಾದುದರಿಂದ ಅವನಿಗೆ ಚಾಟೂಕ್ತಿಯಿಂದ ಉತ್ತರ ಕೊಟ್ಟು ಮತ್ತೆ ಪದ್ಯಕ್ಕೆ ಮರಳುವನು. ಹದಿನೆಂಟು ವರ್ಷದ ಹುಡುಗನ ಜೇಬಿನಲ್ಲಿ ಅಂತಹ ಪ್ರಸಂಗಿಗಳು ನೂರು ಮಂದಿ ಕುಳಿತಿರುವರು. ಅವರು ವಿನೋದಕ್ಕೆ ಬಂದವರೂ ಅಲ್ಲ. ನಮ್ಮ ಕಣ್ಣು ಎಷ್ಟು ಹೊತ್ತು ತೆರೆಯ ಮೇಲಿದ್ದಿತೆಂಬುದನ್ನು ಎಣಿಸಿ ಜಾಹೀರಾತುಗಾರರಿಗೆ ಮಾರುವ ವರ್ತಕರ ಆಳುಗಳು. ಹುಡುಗನು ಸೋತರೆ ತಪ್ಪೆಲ್ಲವೂ ಅವನದೆನ್ನುವುದು ನ್ಯಾಯವಲ್ಲ.

ನ್ಯಾಯದ ಮಾತು ಬಂದುದರಿಂದ ಇನ್ನೆರಡು ಸಂಗತಿಗಳನ್ನು ಹೇಳಬೇಕು. ಮೊದಲನೆಯದು, ಕಾಲೇಜಿನ ಸಾಮೂಹಿಕ ಜೀವನ ಬಡವಾಗಲು ಫೋನೊಂದೇ ಕಾರಣವಲ್ಲ. ವಿದ್ಯಾರ್ಥಿ ಸಂಘಗಳ ನೇರ ಚುನಾವಣೆಗಳು ನಮ್ಮ ರಾಜ್ಯದಲ್ಲಿ ೧೯೮೦ರ ದಶಕದ ಕೊನೆಗೆ ನಿಂತವು. ಆಗ ಯಾವ ಹುಡುಗನ ಕೈಯಲ್ಲಿಯೂ ಫೋನಿರಲಿಲ್ಲ. ಆರು ತಿಂಗಳಿಗೊಂದು ಪರೀಕ್ಷೆಯ ಪದ್ಧತಿ ಬಂದು, ನಾಟಕಕ್ಕೂ ಚರ್ಚಾಕೂಟಕ್ಕೂ ಇದ್ದ ವಿರಾಮ ಕರಗಿತು. ಸಂಜೆಯ ಬಸ್ಸಿಗೆ ಓಡುವವರು ಹೆಚ್ಚಿದರು. ಕೂಡುವ ಎಡೆಗಳನ್ನು ಹಿರಿಯರಾದ ನಾವೇ ಒಂದೊಂದಾಗಿ ಮುಚ್ಚಿ, ಕಿರಿಯರು ಅಂಗೈಯಲ್ಲಿ ಒಂದು ಎಡೆ ಹುಡುಕಿಕೊಂಡಾಗ ಗದರಿಸುತ್ತಿದ್ದೇವೆ. ಎರಡನೆಯದು, ಇದೇ ಯಂತ್ರವು ಲೋಕಸೇವೆಗೂ ಒದಗಿದೆ. ೨೦೧೮ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, ಮರುವರ್ಷ ಅದೇ ತಿಂಗಳಲ್ಲಿ ಕೃಷ್ಣಾ ಮಲಪ್ರಭಾ ತೀರದ ಊರುಗಳು ನೀರಿನಲ್ಲಿ ನಿಂತಾಗ, ಯುವಕರು ಫೋನಿನಲ್ಲಿಯೇ ಸುದ್ದಿ ಹಬ್ಬಿಸಿ ಅಕ್ಕಿ, ಕಂಬಳಿ, ಔಷಧಗಳನ್ನು ಕೂಡಿಸಿದರು. ಡಂಗುರ ಸಾರಿದ್ದರೆ ಒಂದು ವಾರ ಹಿಡಿಯುತ್ತಿದ್ದ ಕೆಲಸ ಒಂದು ಗಂಟೆಯಲ್ಲಿ ಆಯಿತು. ದೂರದ ದುಃಖಕ್ಕೆ ಇವರು ಕಿವುಡರಲ್ಲ. ಮಂಚದ ಪಕ್ಕದ ದುಃಖಕ್ಕೆ ಡಂಗುರವಿಲ್ಲ. ಅದು ಗೋಡೆಯ ಕಡೆ ಮುಖ ಮಾಡಿಕೊಂಡು ಮಲಗಿರುತ್ತದೆ. ಅಲ್ಲಿಯೇ ತೊಡಕು.

ಮರುದಿನ ಉತ್ಸವದಲ್ಲಿ ನಾನು ಈ ಮಾತುಗಳಲ್ಲಿ ಕೆಲವನ್ನು ಹೇಳಿದೆನು. ಪಾಠಶಾಲೆಯ ಸಹವಾಸವನ್ನು ಹೊಗಳಿದೆನು, ನನಗೆ ಗಂಜಿ ಕುಡಿಸಿದ ಕಥೆ ಹೇಳಿದೆನು. ಕಣ್ಣುಗಳು ಕೆಲವು ನನ್ನ ಮೇಲಿದ್ದವು, ಕೆಲವು ತೊಡೆಯ ಮೇಲಿದ್ದವು. ಕೊನೆಗೆ ಪ್ರಶ್ನೆಗಳಿದ್ದರೆ ಕೇಳಬಹುದೆಂದಾಗ, ಮೂರನೆಯ ಸಾಲಿನಿಂದ ಒಬ್ಬ ಹುಡುಗನು ಎದ್ದು ನಿಂತು ಬಹು ವಿನಯದಿಂದ ಕೇಳಿದನು: “ಸರ್, ನಿಮ್ಮ ಪಾಠಶಾಲೆಯಲ್ಲಿ ನಮ್ಮಂಥೋರಿಗೆ ಜಾಗ ಇತ್ತಾ?”

ಸಭೆ ನಿಶ್ಶಬ್ದವಾಯಿತು. ನಾನು ಇಲ್ಲವೆಂದೆನು. ಬೇರೆ ಉತ್ತರವಿರಲಿಲ್ಲ. ಅವನು “ಥ್ಯಾಂಕ್ಸ್ ಸರ್” ಎಂದು ಕುಳಿತನು. ಅವನ ಮುಖದಲ್ಲಿ ಗೆದ್ದ ಹೆಮ್ಮೆಯಿರಲಿಲ್ಲ; ಒಂದು ಲೆಕ್ಕವನ್ನು ಸರಿಪಡಿಸಿದ ಶಾಂತಿಯಿತ್ತು.

ಊರಿಗೆ ಮರಳುವ ಬಸ್ಸಿನಲ್ಲಿ, ಬಹುಕಾಲದಿಂದ ಮರೆತಿದ್ದ ಒಂದು ಮುಖ ಕಣ್ಣೆದುರು ಬಂದಿತು. ನಮ್ಮ ಪಾಠಶಾಲೆಯಲ್ಲಿ ಎಲ್ಲರೂ ಒಂದೇ ಜಾತಿಯವರು. ಆದರೂ ಅದರೊಳಗೆ ಪಂಗಡಗಳಿದ್ದವು, ಊಟದ ಪಂಕ್ತಿಯಲ್ಲಿ ಮೇಲುಕೀಳುಗಳಿದ್ದವು. ಕೆಳಗಿನ ಪಂಗಡದವನೆಂದು ಎಣಿಸಲ್ಪಟ್ಟ ಒಬ್ಬ ಹುಡುಗನಿದ್ದನು. ಮಾತನಾಡುವಾಗ ಅವನಿಗೆ ನಾಲಗೆ ತೊಡರುತ್ತಿತ್ತು. ಅವನು ಶಬ್ದರೂಪಗಳನ್ನು ಒಪ್ಪಿಸಲು ನಿಂತರೆ ನಾವು ನಗುತ್ತಿದ್ದೆವು. ಅವನ ಎಲೆ ಬಾಗಿಲ ಹತ್ತಿರ ಒಂಟಿಯಾಗಿ ಬೀಳುತ್ತಿತ್ತು. ಒಂದು ವರ್ಷ ತುಂಬುವುದರೊಳಗೆ ಅವನು ಹಾಸಿಗೆ ಸುತ್ತಿಕೊಂಡು ಹೊರಟುಹೋದನು. ನನ್ನ ಹಾಸಿಗೆಯಿಂದ ಅವನದು ಎರಡೇ ಹಾಸಿಗೆಯಾಚೆ ಇತ್ತು. ಒಂದು ವರ್ಷದಲ್ಲಿ ನಾನು ಅವನೊಡನೆ ಹತ್ತು ಮಾತನ್ನು ಸಹ ಆಡಿದ ನೆನಪಿಲ್ಲ. ಅಂದು ನನ್ನ ಕೈಯಲ್ಲಿ ಯಾವ ಯಂತ್ರವೂ ಇರಲಿಲ್ಲ.

ಆದುದರಿಂದ ಕೊಠಡಿಯ ಆ ಇಬ್ಬರು ಹುಡುಗರನ್ನು ತೂಗುವ ತಕ್ಕಡಿಯಲ್ಲಿ ನನ್ನನ್ನೂ ಇಡಬೇಕು. ಇಟ್ಟರೆ ತಟ್ಟೆ ನನ್ನ ಕಡೆಗೇ ಕೆಳಗಿಳಿಯುವುದು. ಅವರಿಗೆ ಪಕ್ಕದವನು ಕಾಣಲಿಲ್ಲ, ಕಂಡೊಡನೆ ಓಡಿದರು. ನನಗೆ ಕಾಣುತ್ತಿದ್ದನು, ನಾನು ಏಳಲಿಲ್ಲ. ದ್ರೋಣ ದ್ರುಪದರೂ ಸತೀರ್ಥ್ಯರೇ ಆಗಿದ್ದರಷ್ಟೆ. ಒಂದೇ ಗುರುಕುಲದಲ್ಲಿ ವಾಸಿಸಿದ ಮಾತ್ರಕ್ಕೆ ಪಾಂಚಾಲರಾಜನು ಬಡ ಗೆಳೆಯನನ್ನು ಗುರುತಿಸಲಿಲ್ಲ. ಗುರುಶಿಷ್ಯರು ಪಾಠದ ಮೊದಲು ಮಾಡುವ ಉಪನಿಷತ್ತಿನ ಪ್ರಾರ್ಥನೆಯಲ್ಲಿ, ನಮ್ಮಲ್ಲಿ ಪರಸ್ಪರ ದ್ವೇಷ ಬಾರದಿರಲಿ ಎಂಬ ಕೋರಿಕೆ ಏತಕ್ಕಿದೆ? ಹತ್ತಿರವಿದ್ದವರಲ್ಲಿ ಅದು ಬರುವುದು ಸುಲಭವೆಂದು ಋಷಿಗಳಿಗೆ ಗೊತ್ತಿತ್ತು. ಸಹವಾಸವು ಧರ್ಮಕ್ಕೆ ಕ್ಷೇತ್ರವೇ ಹೊರತು ಬೆಳೆಯಲ್ಲ. ಉಳುವ ಕೆಲಸ ನಮ್ಮದು. ರ್‍ಯಾಗಿಂಗಿಗೆ ಸಿಕ್ಕಿ ನಲುಗಿದ ಮಗುವಿಗೆ, ಪಂಕ್ತಿಯ ಹೊರಗೆ ಕುಳಿತವನಿಗೆ, ಅಂಗೈಯ ಫೋನು ಒಂದು ಆಶ್ರಯವಾದರೆ ಅದನ್ನು ಕಿತ್ತುಕೊಳ್ಳುವ ಅಧಿಕಾರ ನನ್ನಂಥವನಿಗಿಲ್ಲ. ನಾವು ಆಡದೆ ಉಳಿಸಿದ ಮಾತನ್ನು ಅದರಲ್ಲಿ ಯಾರೋ ದೂರದವರು ಅವನೊಡನೆ ಆಡುತ್ತಿರಬಹುದು.

ಹಾಗಾದರೆ ಮೊದಲು ಹೇಳಿದ ಮಾತೆಲ್ಲ ಬಿದ್ದುಹೋಯಿತೆ? ಇಲ್ಲ. ಬಸ್ಸಿನಲ್ಲಿ ಆ ಮುಖ ನನಗೆ ಮರಳಿ ಬಂದುದು ಏಕೆಂದು ಯೋಚಿಸಿದೆನು. ಒಂದು ವರ್ಷ ನಾನು ಅವನನ್ನು ನೋಡಿದ್ದೆನು. ಒಂಟಿ ಎಲೆಯನ್ನೂ, ತೊಡರುವ ನಾಲಗೆಯನ್ನೂ, ಸುತ್ತಿದ ಹಾಸಿಗೆಯನ್ನೂ ನೋಡಿದ್ದೆನು. ಐವತ್ತು ವರ್ಷಗಳ ಮೇಲಾದರೂ ಅದು ಬಂದು ನನ್ನನ್ನು ಕೇಳಿತು. ಕಾಲದ ಪಾದವು ಮೂರನೆಯ ಪಾದವನ್ನು ತಡವಾಗಿ ಕಲಿಸಿತು. ಅಂದು ನನ್ನ ಬಳಿ ಫೋನಿದ್ದಿದ್ದರೆ ನಾನು ಅವನನ್ನು ನೋಡುತ್ತಲೇ ಇರಲಿಲ್ಲ. ಇಂದು ನಾಚುವುದಕ್ಕೂ ನನಗೆ ಏನೂ ಉಳಿಯುತ್ತಿರಲಿಲ್ಲ. ಮುಖ ತಿರುಗಿಸುವ ದುರ್ಗುಣ ಮನುಷ್ಯನಿಗೆ ಹಳೆಯದು. ತಿರುಗಿಸಿದ್ದು ತನಗೇ ತಿಳಿಯದಂತೆ ಮಾಡಿಕೊಡುವ ಸೌಕರ್ಯ ಹೊಸದು. ತಪ್ಪು ಮಾಡಿದವನಿಗೆ ಪಶ್ಚಾತ್ತಾಪದ ದಾರಿಯಾದರೂ ಇದೆ. ತಪ್ಪೇ ಕಾಣದವನಿಗೆ ಯಾವ ದಾರಿಯಿದೆ? ಈ ಸೌಕರ್ಯವನ್ನು ಕುರಿತೇ ನನ್ನ ಭಯ.

ಪರಿಹಾರವೇನೆಂದು ವಾಚಕರು ಕೇಳುವರು. ಫೋನನ್ನು ನಿಷೇಧಿಸಿ ಸುತ್ತೋಲೆ ಹೊರಡಿಸುವುದರಲ್ಲಿ ನನಗೆ ನಂಬಿಕೆಯಿಲ್ಲ. ಕುಷ್ಟಗಿಯ ತಾಯಿ ಆಗ ಯಾರನ್ನು ಕೂಗಬೇಕು? ಕೂಡುವ ಕಾರಣಗಳನ್ನು ಮತ್ತೆ ಕಟ್ಟಬೇಕು. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ ೧೯೬೯ರ ಸೆಪ್ಟೆಂಬರ್ ೨೪ರಂದು ೩೭ ವಿಶ್ವವಿದ್ಯಾನಿಲಯಗಳಲ್ಲಿ ೪೦,೦೦೦ ವಿದ್ಯಾರ್ಥಿಗಳೊಡನೆ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆ ನಮ್ಮಲ್ಲಿ ಇಂದಿಗೂ ಇದೆ. ಅದರ ಶಿಬಿರಗಳಿಗೆ ಉಪನ್ಯಾಸಕ್ಕೆಂದು ನಾನು ಹೋಗಿರುವುದುಂಟು. ಹಳ್ಳಿಯ ಶಾಲೆಯ ನೆಲದ ಮೇಲೆ ಸಾಲಾಗಿ ಮಲಗಿ, ಹಗಲು ಚರಂಡಿ ತೋಡಿ, ಸಂಜೆ ತಾವೇ ಸಾರು ಕುದಿಸುವ ಹುಡುಗ ಹುಡುಗಿಯರಿಗೆ ಫೋನು ನೋಡಬೇಡಿರೆಂದು ಯಾರೂ ಹೇಳಬೇಕಾಗಿರಲಿಲ್ಲ. ಕೈಯಲ್ಲಿ ಗುದ್ದಲಿಯಿದ್ದವನಿಗೆ ಪಕ್ಕದವನ ಗುದ್ದಲಿಯ ಲಯ ತಪ್ಪಿದರೆ ತಿಳಿಯುತ್ತದೆ. ಸಾಂದೀಪನಿಯ ಆಶ್ರಮದ ಕಟ್ಟಿಗೆಯ ಹೊರೆ ಇದೇ ಅಲ್ಲವೆ? ವರ್ಷಕ್ಕೆ ಏಳು ದಿನಗಳ ಶಿಬಿರದಲ್ಲಿ ಆಗತಕ್ಕದ್ದು ನಿತ್ಯದ ವಿದ್ಯಾರ್ಥಿನಿಲಯದಲ್ಲಿ ಸ್ವಲ್ಪಮಟ್ಟಿಗಾದರೂ ಆಗಬೇಕು. ಅಡಿಗೆಮನೆಯ ಸರದಿ, ತೋಟದ ಸರದಿ, ಕಾಯಿಲೆಯವರನ್ನು ನೋಡುವ ಸರದಿ ಇವುಗಳನ್ನು ಮಕ್ಕಳೇ ಹಂಚಿಕೊಳ್ಳಲಿ. ದಿನಕ್ಕೊಂದು ಹೊತ್ತಿನ ಊಟದಲ್ಲಿ ಫೋನುಗಳೆಲ್ಲ ಗೂಡಿನಲ್ಲಿರಲಿ. ಅಧ್ಯಾಪಕರದೂ ಮೇಲ್ವಿಚಾರಕರದೂ ಮೊದಲು ಇರಲಿ. ಮತ್ತು ಆ ಪಂಕ್ತಿಯಲ್ಲಿ ಯಾರ ಎಲೆಯೂ ಬಾಗಿಲ ಹತ್ತಿರ ಒಂಟಿಯಾಗಿ ಬೀಳದಿರಲಿ. ಇದಿಲ್ಲದೆ ಬರಿಯ ಫೋನನ್ನು ತೆಗೆದಿಡಿಸಿದರೆ ನಾವು ನನ್ನ ಪಾಠಶಾಲೆಗೆ ಮರಳಿದಂತಾಗುವುದು. ಅಲ್ಲಿಗೆ ಮರಳಬೇಕಾದ ಅಗತ್ಯ ಯಾರಿಗೂ ಇಲ್ಲ.

ಕುಷ್ಟಗಿಯ ಹುಡುಗನು ಒಂದು ವಾರದಲ್ಲಿ ಗುಣಮುಖನಾದನೆಂದು ಮೇಲ್ವಿಚಾರಕರು ಫೋನಿನಲ್ಲಿಯೇ ತಿಳಿಸಿದರು. ಕೇಳಿ ಸಂತೋಷಪಟ್ಟು, ಫೋನನ್ನು ಕೆಳಗಿಟ್ಟು ತಲೆಯೆತ್ತಿ ನೋಡಿದರೆ, ನನ್ನ ಹೆಂಡತಿ ಕಾಫಿಯ ಲೋಟ ಹಿಡಿದು ಎಷ್ಟು ಹೊತ್ತಿನಿಂದಲೋ ನಿಂತಿದ್ದಳು. ವೃದ್ಧನ ಈ ಮಾತುಗಳಲ್ಲಿ ತಥ್ಯವಿದ್ದರೆ ಕಿರಿಯರು ಗ್ರಹಿಸಲಿ, ದೋಷವಿದ್ದರೆ ಎದ್ದು ನಿಂತು ಕೇಳಲಿ. ಮೂರನೆಯ ಸಾಲಿನ ಆ ಹುಡುಗನಿಗೆ ನಾನು ಋಣಿಯಾಗಿದ್ದೇನೆ. ಈ ವಯಸ್ಸಿನಲ್ಲಿ ನನಗೊಬ್ಬ ಸತೀರ್ಥ್ಯನು ದೊರೆತಂತಾಯಿತು.